ಐಸ್ ಕರಗಿದ ಮೇಲೂ ಕಾಫಿಯಾಗಿ ಉಳಿಯಬೇಕಾದರೆ

ಮಾರ್ಚ್ ತಿಂಗಳು ಬಂತೆಂದರೆ ಸ್ನೇಹಿತರು, ನೆಂಟರು ನನ್ನನ್ನು ಕೇಳುವ ಪ್ರಶ್ನೆ ಒಂದೇ: ಮನೆಯಲ್ಲೇ ಒಳ್ಳೆಯ ಕೋಲ್ಡ್ ಕಾಫಿ ಮಾಡಿಕೊಳ್ಳಲು ಯಾವ ಮಷಿನ್ ತೆಗೆದುಕೊಳ್ಳಬೇಕು? ಕೇಳುವ ಹೊತ್ತಿಗಾಗಲೇ ಅವರು ಎರಡು ಮೂರು ಯಂತ್ರಗಳ ಚಿತ್ರಗಳನ್ನು ನೋಡಿ, ಎಷ್ಟು ಬಾರ್ ಒತ್ತಡ, ಎಷ್ಟು ಗುಂಡಿ, ಎಷ್ಟು ರಿಯಾಯಿತಿ ಎಂಬ ಲೆಕ್ಕವನ್ನೂ ಹಾಕಿಟ್ಟಿರುತ್ತಾರೆ. ಕಾಫಿಯನ್ನು ಬಿಸಿಯಾಗಿ ಕುಡಿಯುವವರಿಗೆ ಆ ಲೆಕ್ಕ ಸ್ವಲ್ಪ ಮಟ್ಟಿಗೆ ಉಪಯೋಗಕ್ಕೆ ಬಂದೀತು. ಐಸ್ ಹಾಕಿ ಕುಡಿಯುವವರು ಮಾತ್ರ ಅದನ್ನೆಲ್ಲ ಬದಿಗಿಟ್ಟು, ಈ ಸಾಧನದಿಂದ ಇಳಿಯುವ ಡಿಕಾಕ್ಷನ್ ಎಷ್ಟು ಗಟ್ಟಿಯಾಗಿರುತ್ತದೆ ಎಂಬುದನ್ನು ಮೊದಲು ವಿಚಾರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಅದಕ್ಕೆ ಕಾರಣ ಶಾಲೆಯ ವಿಜ್ಞಾನದ ಪುಸ್ತಕದಲ್ಲೇ ಇದೆ. ಒಂದು ಗ್ರಾಂ ಐಸ್ ಕರಗಿ ನೀರಾಗಲು ಸುಮಾರು 80 ಕ್ಯಾಲೊರಿ ಶಾಖ ಬೇಕು; ಒಂದು ಗ್ರಾಂ ನೀರಿನ ಬಿಸಿಯನ್ನು ಒಂದು ಡಿಗ್ರಿ ಇಳಿಸಲು ಒಂದು ಕ್ಯಾಲೊರಿ ತೆಗೆದರೆ ಸಾಕು. 85 ಡಿಗ್ರಿಯಲ್ಲಿರುವ 150 ಮಿಲಿಲೀಟರ್ ಕಾಫಿಯನ್ನು 5 ಡಿಗ್ರಿಗೆ ಇಳಿಸಬೇಕೆಂದರೆ 12,000 ಕ್ಯಾಲೊರಿ ತೆಗೆಯಬೇಕಾಗುತ್ತದೆ, ಅಂದರೆ ಸುಮಾರು 140 ಗ್ರಾಂ ಐಸ್ ಪೂರ್ತಿಯಾಗಿ ಕರಗಬೇಕು. ಲೋಟದಲ್ಲಿದ್ದ ಕಾಫಿಯಷ್ಟೇ ನೀರು ಅದಕ್ಕೆ ಬಂದು ಸೇರಿತು. ಕುಡಿಯಲು ಹದವಾಗಿದ್ದ ಬಿಸಿ ಕಾಫಿಯ ಮೇಲೆ ಐಸ್ ಸುರಿದರೆ ಅದು ಲೋಟ ತೊಳೆದ ನೀರಿನ ರುಚಿಗೆ ಇಳಿಯುವುದು ಈ ಲೆಕ್ಕದಿಂದಲೇ. ಪುಡಿಯನ್ನೋ ಯಂತ್ರವನ್ನೋ ದೂರಿ ಪ್ರಯೋಜನವಿಲ್ಲ.

ಈ ನೀರನ್ನು ತಡೆದುಕೊಳ್ಳಲು ಇರುವ ದಾರಿಗಳು ಮೂರು. ಮೊದಲೇ ಬಹಳ ಗಟ್ಟಿಯಾಗಿ ಇಳಿಸಿ ತಣ್ಣನೆಯ ಹಾಲು ಬೆರೆಸುವುದು, ಕರಗುವ ಐಸನ್ನೇ ಲೆಕ್ಕದೊಳಗೆ ಸೇರಿಸಿಕೊಂಡು ಆ ಮಟ್ಟಿಗೆ ಬಿಸಿನೀರನ್ನು ಕಡಿಮೆ ಮಾಡುವುದು, ಇಲ್ಲವೇ ಬಿಸಿಯ ಗೊಡವೆಯೇ ಬೇಡವೆಂದು ತಣ್ಣೀರಿನಲ್ಲಿ ನೆನೆಹಾಕುವುದು. ಯಾವ ದಾರಿ ನಿಮ್ಮದು ಎಂಬುದು ಮನೆಯವರು ಹಾಲು ಹಾಕಿ ಕುಡಿಯುತ್ತಾರೋ ಹಾಗೆಯೇ ಕಪ್ಪಾಗಿ ಕುಡಿಯುತ್ತಾರೋ ಎಂಬುದರ ಮೇಲೆ ನಿಂತಿದೆ. ನಮ್ಮ ಕಡೆ ಬಹುಪಾಲು ಜನರಿಗೆ ಹಾಲಿಲ್ಲದ ಕಾಫಿ ಕಾಫಿಯೇ ಅಲ್ಲವಾದ್ದರಿಂದ ಹಾಲಿನ ದಾರಿಯನ್ನೇ ಮೊದಲು ನೋಡೋಣ.

ಹಾಲಿನ ಕೋಲ್ಡ್ ಕಾಫಿಗೆ ಹೇಳಿ ಮಾಡಿಸಿದಂತಹ ಸಾಧನ ಹೆಚ್ಚಿನ ಮನೆಗಳ ಅಡುಗೆಮನೆಯಲ್ಲಿ ಆಗಲೇ ಇದೆ, ಅದೇ ನಮ್ಮ ಸ್ಟೀಲಿನ ಫಿಲ್ಟರ್. ಹಾಲಿಗೆ ಬೆರೆಸಲೆಂದೇ ಗಟ್ಟಿ ಡಿಕಾಕ್ಷನ್ ಇಳಿಸುವುದು ಅದರ ಹುಟ್ಟುಗುಣ. 40 ಗ್ರಾಂ ಪುಡಿಯ ಮೇಲೆ ಸುಮಾರು 150 ಮಿಲಿಲೀಟರ್ ಕುದಿನೀರು ಹಾಕಿದರೆ, ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ಹೀರಿ ಹಿಡಿದುಕೊಂಡು, ಕೆಳಗಿನ ಪಾತ್ರೆಗೆ 70 ಮಿಲಿಲೀಟರಿನಷ್ಟು ಡಿಕಾಕ್ಷನ್ ಬಿಡುತ್ತದೆ. ಅದು ಹೆಚ್ಚುಕಡಿಮೆ ಎರಡು ದೊಡ್ಡ ಲೋಟಕ್ಕೆ ಸಾಕು. ಫಿಲ್ಟರ್ ನಿಧಾನವಾಗಿ ಇಳಿಯುತ್ತದೆ ಎಂಬ ಗೊಣಗಾಟ ಕೂಡ ಇಲ್ಲಿ ಲಾಭವೇ ಆಗುತ್ತದೆ, ಏಕೆಂದರೆ ಇಳಿದು ಮುಗಿಯುವ ಹೊತ್ತಿಗೆ ಡಿಕಾಕ್ಷನ್ 50 ಡಿಗ್ರಿಯ ಆಸುಪಾಸಿಗೆ ತಣಿದಿರುತ್ತದೆ. ಅಂತಹ 40 ಮಿಲಿಲೀಟರನ್ನು ಫ್ರಿಜ್ಜಿನಿಂದ ತೆಗೆದ 140 ಮಿಲಿಲೀಟರ್ ಹಾಲಿಗೆ ಸೇರಿಸಿದರೆ ಮಿಶ್ರಣ 15 ಡಿಗ್ರಿಗೆ ಬಂದು ನಿಲ್ಲುತ್ತದೆ, ಆಮೇಲೆ ಅದನ್ನು 5 ಡಿಗ್ರಿಗೆ ಒಯ್ಯಲು ಇಪ್ಪತ್ತು ಚಿಲ್ಲರೆ ಗ್ರಾಂ ಐಸ್ ಕರಗಿದರೆ ಮುಗಿಯಿತು. ಮೇಲಿನ 140 ಗ್ರಾಂ ಜೊತೆಗೆ ಇದನ್ನು ಹೋಲಿಸಿ ನೋಡಿದರೆ ಸಾಧನದ ಆಯ್ಕೆಯಲ್ಲಿ ಗಟ್ಟಿತನಕ್ಕೆ ನಾನು ಅಷ್ಟು ಮಹತ್ವ ಕೊಡುವುದೇಕೆ ಎಂಬುದು ತಿಳಿಯುತ್ತದೆ.

ಚಿಕೋರಿಯ ವಿಷಯದಲ್ಲಿ ಶುದ್ಧ ಕಾಫಿಯ ಅಭಿಮಾನಿಗಳು ನನ್ನನ್ನು ಕ್ಷಮಿಸಬೇಕು. ನಮ್ಮ ದೇಶದ ಕಾನೂನಿನಂತೆ ಕಾಫಿ–ಚಿಕೋರಿ ಮಿಶ್ರಣದಲ್ಲಿ ಶೇಕಡಾ 51ರಷ್ಟಾದರೂ ಕಾಫಿ ಇರಲೇಬೇಕು, ಆದರೆ ಆ ಅಂಚಿಗೆ ಹೋದ ಪುಡಿ ತಣ್ಣಗಾದಾಗ ಬರೀ ಕರಕಲು ಬೆಲ್ಲದ ರುಚಿ ಕೊಡುತ್ತದೆ. ಹಾಗೆಂದು ಚಿಕೋರಿಯನ್ನು ಪೂರ್ತಿ ಬಿಟ್ಟರೆ, ಐಸ್ ಬಿದ್ದ ಹಾಲಿನಲ್ಲಿ ಕಾಫಿ ತೆಳುವಾಗಿ ಕಾಣುತ್ತದೆ. 80–20ರ ಮಿಶ್ರಣ ಡಿಕಾಕ್ಷನ್ನಿಗೆ ಮೈ ಕೊಡುತ್ತದೆ, ಬಣ್ಣವನ್ನೂ ಕೊಡುತ್ತದೆ. ಪುಡಿ ಹುರಿದು ಬೀಸಿಕೊಡುವ ಅಂಗಡಿಯಲ್ಲಿ ಪೀಬೆರಿ ಅಥವಾ ಪ್ಲಾಂಟೇಷನ್ ಎ ದರ್ಜೆಯ ಅರೇಬಿಕಾ ಬೀಜದ ಜೊತೆಗೆ ಕಾಫಿಯ ಇನ್ನೊಂದು ಜಾತಿಯಾದ ರೋಬಸ್ಟಾವನ್ನು ಸ್ವಲ್ಪ ಸೇರಿಸಲು ಹೇಳುವುದು ಒಳ್ಳೆಯದು. ರೋಬಸ್ಟಾದಲ್ಲಿ ಅರೇಬಿಕಾದ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್ ಇರುತ್ತದೆ, ಅದರ ಒರಟು ಕಹಿ ಹಾಲು ಮತ್ತು ಐಸಿನ ನಡುವೆಯೂ ತಲೆ ಎತ್ತಿ ನಿಲ್ಲುತ್ತದೆ. ವಿಯೆಟ್ನಾಮಿನವರು ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ಅವರ ಫಿನ್ ಎಂಬ ಪುಟ್ಟ ಲೋಹದ ಫಿಲ್ಟರ್ ನಮ್ಮ ಫಿಲ್ಟರಿನ ಒಡಹುಟ್ಟಿದ್ದೆಂದೇ ಹೇಳಬಹುದು. ಅದನ್ನು ನೇರವಾಗಿ ಲೋಟದ ಮೇಲಿಟ್ಟು, ರೋಬಸ್ಟಾ ಡಿಕಾಕ್ಷನ್ನನ್ನು ಮಂದವಾದ ಕಂಡೆನ್ಸ್ಡ್ ಮಿಲ್ಕಿನ ಮೇಲೆ ಇಳಿಸಿ, ಕಲಕಿ, ಐಸ್ ತುಂಬಿದ ಲೋಟಕ್ಕೆ ಸುರಿಯುತ್ತಾರೆ. ಫಿಲ್ಟರ್ ಇರುವ ನಮಗೆ ಆ ಕಾಫಿ ಮಾಡಲು ಹೊಸದಾಗಿ ಏನನ್ನೂ ಕೊಳ್ಳಬೇಕಾಗಿಲ್ಲ.

ಫಿಲ್ಟರ್ ಇಳಿಯುವವರೆಗೆ ಕಾಯಲಾಗದವರಿಗೆ ನಾನು ಹೇಳುವುದು ಮೋಕಾ ಪಾಟ್. 1933ರಲ್ಲಿ ಇಟಲಿಯಲ್ಲಿ ಅಲ್ಫೋನ್ಸೋ ಬಿಯಾಲೆಟ್ಟಿಯವರ ಹೆಸರಿನೊಂದಿಗೆ ಹೊರಬಂದ ಈ ಎಂಟು ಮುಖದ ಅಲ್ಯೂಮಿನಿಯಂ ಪಾತ್ರೆ, ಕೆಳಗಿನ ನೀರಿನ ಹಬೆಯ ಒತ್ತಡದಿಂದಲೇ ನೀರನ್ನು ಪುಡಿಯ ಮೂಲಕ ಮೇಲಕ್ಕೆ ದೂಡುತ್ತದೆ. ಒತ್ತಡ ಒಂದೆರಡು ಬಾರ್ ಮಾತ್ರ. ಎಸ್ಪ್ರೆಸ್ಸೋ ಯಂತ್ರದ 9 ಬಾರ್ ಎಲ್ಲಿ, ಇದೆಲ್ಲಿ! ಆದರೂ ಐದಾರು ನಿಮಿಷದಲ್ಲಿ ಬರುವ ಕಾಫಿ ಹಾಲಿನ ಐಸ್ ಕಾಫಿಗೆ ಸಾಕಷ್ಟು ಗಟ್ಟಿಯಾಗಿರುತ್ತದೆ. ಕೊಳ್ಳುವ ಮುನ್ನ ಎರಡು ವಿಷಯ ನೋಡಿಕೊಳ್ಳಬೇಕು. ಸಣ್ಣ ಮೋಕಾ ಪಾಟಿನ ತಳ ನಮ್ಮ ಗ್ಯಾಸ್ ಒಲೆಯ ಕಾಲುಗಳ ನಡುವೆ ವಾಲಿ ಬೀಳುವಷ್ಟು ಚಿಕ್ಕದಾಗಿರುವುದರಿಂದ ಮೇಲೊಂದು ಕಬ್ಬಿಣದ ಜಾಲರಿ ಇಡಬೇಕಾಗುತ್ತದೆ. ಅಲ್ಯೂಮಿನಿಯಂ ಪಾತ್ರೆ ಇಂಡಕ್ಷನ್ ಒಲೆಯ ಮೇಲೆ ಕೆಲಸ ಮಾಡುವುದಿಲ್ಲ, ಅದಕ್ಕೆ ಸ್ಟೀಲಿನದೇ ಬೇಕು. ಜೇನಿನ ಬಣ್ಣದಲ್ಲಿ ನಿಧಾನವಾಗಿ ಹರಿಯುತ್ತಿದ್ದ ಕಾಫಿ ಬುಸಬುಸ ಸದ್ದು ಮಾಡುತ್ತಾ ಉಗುಳತೊಡಗಿದ ಕೂಡಲೇ ಒಲೆಯಿಂದ ಇಳಿಸಿ, ತಳವನ್ನು ನಲ್ಲಿ ನೀರಿಗೆ ಒಡ್ಡಬೇಕು. ಆ ಸದ್ದಿನ ನಂತರ ಬರುವುದೆಲ್ಲ ಸುಟ್ಟ ಕಹಿ, ಅದನ್ನು ಎಷ್ಟು ಐಸ್ ಹಾಕಿದರೂ ಮರೆಮಾಚಲಾಗದು.

ಎಸ್ಪ್ರೆಸ್ಸೋ ಯಂತ್ರದ ಬಗ್ಗೆ ನನಗೆ ತಕರಾರೇನೂ ಇಲ್ಲ. 18 ಗ್ರಾಂ ಪುಡಿಯಿಂದ 25–30 ಸೆಕೆಂಡಿನಲ್ಲಿ 36 ಗ್ರಾಂ ಕಾಫಿ ಇಳಿಸುವ ಯಂತ್ರಕ್ಕಿಂತ ಗಟ್ಟಿಯಾದದ್ದನ್ನು ಮನೆಯಲ್ಲಿ ಬೇರೆ ಯಾವುದೂ ಕೊಡಲಾರದು. ಐಸ್ ಕಾಫಿಗಾಗಿಯೇ ಹತ್ತಾರು ಸಾವಿರ ರೂಪಾಯಿ ಸುರಿಯುವುದಕ್ಕೆ ಮಾತ್ರ ನನ್ನ ಆಕ್ಷೇಪ. ನೊರೆ ಹಾಲು ಮಾಡುವ ಹಬೆಯ ಕೊಳವೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಹಾಗೆಯೇ ನೀವು ದುಡ್ಡು ಕೊಟ್ಟ ಸೂಕ್ಷ್ಮ ಪರಿಮಳದ ಅರ್ಧಭಾಗ ಹಾಲು ಮತ್ತು ಚಳಿಯಲ್ಲಿ ಮುಚ್ಚಿಹೋಗುತ್ತದೆ. ಜೊತೆಗೆ ಅಡುಗೆಮನೆಯ ಸಾಮಾನ್ಯ 6 ಆಂಪಿಯರ್ ಪ್ಲಗ್ಗಿನ ಮಿತಿ 1,380 ವ್ಯಾಟಿನಷ್ಟು. ಅದರ ಹತ್ತಿರಕ್ಕೆ ಅಥವಾ ಅದನ್ನು ಮೀರಿ ಎಳೆಯುವ ಯಂತ್ರಕ್ಕೆ ಪವರ್ ಪ್ಲಗ್ ಬೇಕು. ಅಮೆರಿಕದಿಂದ ಮಕ್ಕಳು ಪ್ರೀತಿಯಿಂದ ಹೊತ್ತು ತರುವ ಯಂತ್ರಗಳದು ಇನ್ನೊಂದು ಕಥೆ: ಅವು 120 ವೋಲ್ಟಿಗೆ ತಯಾರಾದವು, ನಮ್ಮಲ್ಲಿ 230. ಅಷ್ಟು ವ್ಯಾಟಿನ ಟ್ರಾನ್ಸ್‌ಫಾರ್ಮರ್ ಕೊಂಡು ಕಟ್ಟೆಯ ಮೇಲಿಟ್ಟರೆ ಚಪಾತಿ ಲಟ್ಟಿಸಲು ಜಾಗ ಉಳಿಯುವುದಿಲ್ಲ. ಬೋರ್‌ವೆಲ್ ನೀರು ಬಳಸುವ ಬಡಾವಣೆಗಳಲ್ಲಿ ಗಡಸು ನೀರಿನ ಬಿಳಿ ಪದರ ಯಂತ್ರದ ಒಳಗೆ ಕಟ್ಟಿಕೊಳ್ಳುತ್ತದೆ, ಆದ್ದರಿಂದ ಸಿಟ್ರಿಕ್ ಆಮ್ಲ ಬೆರೆಸಿದ ನೀರನ್ನು ಆಗಾಗ ಹಾಯಿಸುವ ತಾಳ್ಮೆಯೂ ಇರಬೇಕು. ಇದೆಲ್ಲ ಒಪ್ಪಿಗೆಯಾದವರು, ಅದರಲ್ಲೂ ಬೆಳಗಿನ ಬಿಸಿ ಕಾಫಿಗೂ ಅದನ್ನೇ ಬಳಸುವವರು, ಸಂತೋಷವಾಗಿ ಕೊಳ್ಳಲಿ.

ಇನ್ನು "ಐಸ್ ಕಾಫಿ" ಎಂಬ ಪ್ರತ್ಯೇಕ ಗುಂಡಿ ಇರುವ, ಪುಡಿಯ ಮೇಲೆ ಬಿಸಿನೀರು ತೊಟ್ಟಿಕ್ಕಿಸುವ ಡ್ರಿಪ್ ಯಂತ್ರಗಳು. ಆ ಗುಂಡಿ ಒತ್ತಿದರೆ ಯಂತ್ರ ತಣ್ಣನೆಯ ಕಾಫಿಯನ್ನೇನೂ ಕೊಡುವುದಿಲ್ಲ. ಕಡಿಮೆ ನೀರು ಹಾಯಿಸಿ, ಬಿಸಿ ಕಾಫಿಯನ್ನೇ ಗಟ್ಟಿಯಾಗಿ ನಿಮ್ಮ ಐಸಿನ ಮೇಲೆ ಬಿಡುತ್ತದೆ. ಅದೇ ಕೆಲಸವನ್ನು ಕೆಲವು ನೂರು ರೂಪಾಯಿಯ ಪ್ಲಾಸ್ಟಿಕ್ ಅಥವಾ ಪಿಂಗಾಣಿಯ ಆಲಿಕೆ, ಒಂದು ಕಾಗದದ ಸೋಸುಹಾಳೆ ಮತ್ತು ಅಡುಗೆಮನೆಯ ತಕ್ಕಡಿ ಮಾಡುತ್ತವೆ. ಕಪ್ಪು ಕಾಫಿ ಕುಡಿಯುವವರಿಗೆ ನನ್ನ ಮೊದಲ ಸಲಹೆ ಇದೇ. ಜಪಾನಿನಲ್ಲಿ ರೂಢಿಯಲ್ಲಿರುವ ಈ ಪದ್ಧತಿಯಲ್ಲಿ ಕೆಳಗಿನ ಗಾಜಿನ ಪಾತ್ರೆಗೆ 120 ಗ್ರಾಂ ಐಸ್ ತೂಗಿ ಹಾಕಿ, ಆಲಿಕೆಯಲ್ಲಿ 20 ಗ್ರಾಂ ಪುಡಿ ಇಟ್ಟು, 180 ಮಿಲಿಲೀಟರ್ ಬಿಸಿನೀರನ್ನು ಮೂರು ನಾಲ್ಕು ಕಂತಿನಲ್ಲಿ ಸುರಿಯಬೇಕು. ಮೊದಲ ಹನಿಗಳು ಬಿದ್ದಾಗ ಐಸ್ ಚಟಚಟನೆ ಬಿರಿಯುತ್ತದೆ. ಕೊನೆಯ ಹನಿ ಬೀಳುವ ಹೊತ್ತಿಗೆ ಗಡ್ಡೆಗಳೆಲ್ಲ ಹೆಚ್ಚುಕಡಿಮೆ ಕರಗಿ, ಕಾಫಿ 6 ಡಿಗ್ರಿಯ ಸುಮಾರಿಗೆ ಬಂದಿರುತ್ತದೆ. ಇಲ್ಲಿ ಐಸ್ ಕಾಫಿಯನ್ನು ಕೆಡಿಸುವ ಬದಲು ಪಾಕದ ನೀರಿನ ಒಂದು ಭಾಗವೇ ಆಗಿರುತ್ತದೆ. ಬಿಸಿನೀರಿನಿಂದ ಹೊರಟ ಪರಿಮಳ ತಕ್ಷಣ ತಣಿದು ಕಾಫಿಯಲ್ಲೇ ಉಳಿಯುವುದರಿಂದ ಚಿಕ್ಕಮಗಳೂರಿನ ಅರೇಬಿಕಾದ ಹುಳಿಸಿಹಿ ನಾಲಗೆಗೆ ಸ್ಪಷ್ಟವಾಗಿ ತಿಳಿಯುತ್ತದೆ. ಚಿಕೋರಿ ಬೆರೆತ ಪುಡಿಯನ್ನು ಈ ಆಲಿಕೆಗೆ ಹಾಕುವ ಸಾಹಸ ಬೇಡ, ಹಾಳೆ ಕಟ್ಟಿಕೊಂಡು ನೀರು ಇಳಿಯುವುದೇ ಇಲ್ಲ.

ಒಬ್ಬರೇ ಇರುವವರಿಗೆ, ಹಾಸ್ಟೆಲಿನಲ್ಲೋ ಬಾಡಿಗೆ ಕೋಣೆಯಲ್ಲೋ ಇರುವವರಿಗೆ, 2005ರಲ್ಲಿ ಅಲನ್ ಆಡ್ಲರ್ ಅವರು ಮಾರುಕಟ್ಟೆಗೆ ತಂದ ಏರೋಪ್ರೆಸ್ ಕೂಡ ಒಳ್ಳೆಯದೇ. ಅದು ಒಂದು ದಪ್ಪ ಸಿರಿಂಜಿನಂತಿದೆ, ಒಡೆಯುವುದಿಲ್ಲ, ತೊಳೆಯುವುದು ಕ್ಷಣದ ಕೆಲಸ. ಕಡಿಮೆ ನೀರು ಹಾಕಿ ಐಸಿನ ಮೇಲೆ ಒತ್ತಿದರೆ ಹಾಲಿಗೂ ಆಗುತ್ತದೆ, ಹಾಗೆಯೇ ಕುಡಿಯಲೂ ಆಗುತ್ತದೆ. ನಾಲ್ಕು ಜನರ ಸಂಸಾರಕ್ಕೆ ಮಾತ್ರ ಸಾಲದು.

ತಣ್ಣೀರಿನ ದಾರಿಗೆ ಯಾವ ಯಂತ್ರವೂ ಬೇಡ ಎಂದರೆ ಮಾರುವವರಿಗೆ ಸಿಟ್ಟು ಬಂದೀತು. ಅಮೆರಿಕದ ಟಾಡ್ ಸಿಂಪ್ಸನ್ ಎಂಬವರು 1964ರಲ್ಲಿ ಮನೆಬಳಕೆಗೆ ರೂಪಿಸಿದ ಕೋಲ್ಡ್ ಬ್ರೂ ಸಾಧನವೂ ಮೂಲತಃ ಒಂದು ಪಾತ್ರೆ ಮತ್ತು ಒಂದು ಸೋಸುಕವೇ. ದಪ್ಪಗೆ ಬೀಸಿದ, ಚಿರೋಟಿ ರವೆಯಂತೆ ನುಣುಪಾಗಿರದೆ ಉಪ್ಪಿಟ್ಟಿನ ರವೆಯಷ್ಟು ತರಿಯಾಗಿರುವ 100 ಗ್ರಾಂ ಪುಡಿಗೆ 800 ಮಿಲಿಲೀಟರ್ ಕುಡಿಯುವ ನೀರು ಬೆರೆಸಿ, ಮುಚ್ಚಿ, ಫ್ರಿಜ್ಜಿನಲ್ಲಿ 16ರಿಂದ 18 ಗಂಟೆ ಇಟ್ಟು, ತೆಳುವಾದ ಮಲ್ ಬಟ್ಟೆಯಲ್ಲಿ ಸೋಸಿದರೆ ಮುಗಿಯಿತು. ಬಟ್ಟೆಯನ್ನು ಹಿಂಡಬಾರದು, ಹಿಂಡಿದರೆ ಗಸಿಯೆಲ್ಲ ಕೆಳಗಿಳಿಯುತ್ತದೆ. ಮನೆಯಲ್ಲಿ ಫ್ರೆಂಚ್ ಪ್ರೆಸ್, ಅಂದರೆ ಪುಡಿಯನ್ನು ಜಾಲರಿಯಿಂದ ತಳಕ್ಕೆ ಒತ್ತುವ ಪಾತ್ರೆ, ಇದ್ದವರು ಅದರಲ್ಲೇ ನೆನೆಹಾಕಿ ಒತ್ತಿ ಸುರಿದುಕೊಳ್ಳಬಹುದು, ಅದರ ಅತ್ಯುತ್ತಮ ಉಪಯೋಗ ಇದೇ ಎಂದು ನನಗೆ ಅನ್ನಿಸಿದೆ. ಚಳಿ ದೇಶದವರು ಬರೆದ ವಿಧಾನಗಳಲ್ಲಿ ರಾತ್ರಿಯಿಡೀ ಅಡುಗೆಕಟ್ಟೆಯ ಮೇಲೆ ಬಿಡಿ ಎಂದಿರುತ್ತದೆ. ಮಂಗಳೂರಿನ ಅಥವಾ ಕಲಬುರಗಿಯ ಮೇ ತಿಂಗಳಲ್ಲಿ ಹಾಗೆ ಮಾಡುವುದು ತರವಲ್ಲ. ಕುದಿಸದ ನೀರು ಆ ಸೆಕೆಯಲ್ಲಿ ಗಂಟೆಗಟ್ಟಲೆ ಕೂತರೆ ಕೆಡುವ ಅಪಾಯ ಇದ್ದೇ ಇದೆ. ಹೀಗೆ ಇಳಿಸಿದ್ದು ಹುಳಿಯಲ್ಲೂ ಕಹಿಯಲ್ಲೂ ಸೌಮ್ಯ, ಫ್ರಿಜ್ಜಿನಲ್ಲಿ ನಾಲ್ಕೈದು ದಿನ ಚೆನ್ನಾಗಿರುತ್ತದೆ. ಪರಿಮಳದಲ್ಲಿ ಮಾತ್ರ ಬಿಸಿನೀರಿನ ಕಾಫಿಗೆ ಸಮನಾಗದು. ಕರಾವಳಿಯ ಮಳೆಗಾಲದ ಗಾಳಿಗೊಡ್ಡಿ ಹದ ಮಾಡುವ ಮಾನ್ಸೂನ್ಡ್ ಮಲಬಾರ್ ಬೀಜ ಸಿಕ್ಕರೆ, ಹುಳಿ ಕಡಿಮೆ ಇದ್ದು ಮೈತುಂಬಿಕೊಂಡಿರುವ ಅದು ಇದಕ್ಕೆ ಚೆನ್ನಾಗಿ ಒಗ್ಗುತ್ತದೆ.

ಈ ಎಲ್ಲ ಸಾಧನಗಳು ಕೇಳುವ ಪುಡಿಯ ಹದ ಬೇರೆ ಬೇರೆಯಾದ್ದರಿಂದ, ಯಂತ್ರಕ್ಕೆಂದು ಎತ್ತಿಟ್ಟ ಹಣದಲ್ಲಿ ಕೈಯಿಂದ ತಿರುಗಿಸುವ ಒಂದು ಒಳ್ಳೆಯ ಗ್ರೈಂಡರ್ ಕೊಳ್ಳಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಮಿಕ್ಸಿಯಲ್ಲಿ ಬೀಸಿದರೆ ಅರ್ಧ ಧೂಳು, ಅರ್ಧ ನುಚ್ಚು. ಧೂಳು ಕಹಿ ಬಿಡುತ್ತದೆ, ನುಚ್ಚು ಏನನ್ನೂ ಬಿಡುವುದಿಲ್ಲ. ಗ್ರೈಂಡರ್ ಬೇಡವೆನ್ನುವವರು ಅಂಗಡಿಯಲ್ಲಿ ಯಾವ ಸಾಧನಕ್ಕೆಂದು ಹೇಳಿ ಬೀಸಿಸಿಕೊಂಡು, ಹದಿನೈದು ದಿನಕ್ಕೆ ಸಾಕಾಗುವಷ್ಟೇ ತರುವುದು ಮೇಲು.

ಸಿಹಿಯ ವಿಚಾರವನ್ನು ಮಾತ್ರ ಸಾಧನ ಕೊಳ್ಳುವವರು ಕೊನೆಯವರೆಗೂ ಯೋಚಿಸುವುದಿಲ್ಲ. ಸಕ್ಕರೆ ತಣ್ಣನೆಯ ಹಾಲಿನಲ್ಲಿ ಬೇಗ ಕರಗದೆ ಲೋಟದ ತಳದಲ್ಲಿ ಕೂರುತ್ತದೆ, ಮೇಲಾಗಿ ತಣ್ಣಗಿದ್ದಷ್ಟೂ ನಾಲಗೆಗೆ ಸಿಹಿ ಕಡಿಮೆ ತಿಳಿಯುತ್ತದೆ. ಸಕ್ಕರೆ ಪಾಕ ಮಾಡಿಟ್ಟುಕೊಳ್ಳಬಹುದು, ಆದರೆ ಮಲೆನಾಡಿನ ಕಡೆ ನೆಂಟರಿರುವವರು ಪಾಕದಂತೆ ನೀರಾಗಿರುವ ಜೋನಿ ಬೆಲ್ಲವನ್ನೇ ತರಿಸಿಕೊಳ್ಳಲಿ. ಬಿಸಿ ಹಾಲಿಗೆ ಬೆಲ್ಲ ಬಿದ್ದರೆ ಒಡೆಯುವ ಭಯವಿರುತ್ತದೆ, ತಣ್ಣನೆಯ ಹಾಲಿನಲ್ಲಿ ಆ ಭಯವಿಲ್ಲ. ಇನ್ನೂ ಬೆಚ್ಚಗಿರುವ ಡಿಕಾಕ್ಷನ್ನಿಗೆ ಎರಡು ಚಮಚ ಜೋನಿ ಬೆಲ್ಲ ಹಾಕಿ ಕದಡಿ, ಅದರ ಮೇಲೆ ಫ್ರಿಜ್ಜಿನ ಹಾಲು ಸುರಿದು, ಐಸನ್ನು ಎಲ್ಲಕ್ಕಿಂತ ಕೊನೆಗೆ ಹಾಕಬೇಕು.