‘ಚೆನ್ನಾಗಿತ್ತು’ ಬಿಟ್ಟು ಬೇರೇನೂ ಬರೆಯೋಕಾಗಲ್ಲ, ಏನು ಮಾಡಲಿ?

ಪ್ರವಾಸದ ಟಿಪ್ಪಣಿ ಪುಸ್ತಕದ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಕೇಳೇ ಕೇಳುವ ಪ್ರಶ್ನೆ ಇದು: ‘ಸುತ್ತಿದ್ದನ್ನು ಬರೆದಿಟ್ಟರೆ ನಮ್ಮನ್ನು ನಾವೇ ಅರಿಯಬಹುದು ಅಂತಾರಲ್ಲ, ಒಳ್ಳೇ ಡೈರಿ ತಂದು ಕೂತರೆ ಎರಡು ಸಾಲಿಗೇ ಮುಗಿದುಹೋಗುತ್ತೆ. ನನಗೆ ಬರೆಯೋಕೆ ಬರಲ್ವಾ, ಇಲ್ಲಾ ನನ್ನೊಳಗೆ ಅರಿಯೋಕೇ ಏನೂ ಇಲ್ವಾ?’

ಎರಡೂ ಅಲ್ಲ. ನೀವು ನಿಮ್ಮ ಬಗ್ಗೆ ಬರೆಯೋಕೆ ಹೊರಟಿದ್ದೀರಿ, ಎಡವಟ್ಟಾಗಿರೋದು ಅಲ್ಲಿ. ‘ಮನಸ್ಸಿಗೆ ನೆಮ್ಮದಿ ಸಿಕ್ಕಿತು’ ಅನ್ನುವ ಸಾಲು ಮೇಲುಕೋಟೆಗೂ ಸರಿ, ಮಡಿಕೇರಿಗೂ ಸರಿ; ನಿಮಗೂ ಒಪ್ಪುತ್ತೆ, ಪಕ್ಕದ ಮನೆಯವರಿಗೂ ಒಪ್ಪುತ್ತೆ. ಕಂಡದ್ದು, ಕೇಳಿದ್ದು, ಕೊಟ್ಟ ಕಾಸು ಇಷ್ಟನ್ನು ಬರೆಯಿರಿ. ಇಬ್ಬರು ಒಟ್ಟಿಗೆ ಮೈಸೂರಿನ ದೇವರಾಜ ಮಾರುಕಟ್ಟೆಗೆ ಹೋಗಿದ್ದಾರೆ ಅಂದ್ಕೊಳ್ಳಿ. ಒಬ್ಬರು ಕುಂಕುಮದ ರಾಶಿಗಳ ಬಣ್ಣ ಬರೆದರು. ಇನ್ನೊಬ್ಬರು, ಹೂವಿನವರು ಮೊಳ ಹಾಕುವಾಗ ಮೊಣಕೈಯಿಂದ ಶುರುಮಾಡಿ ಬೆರಳ ತುದಿಗೆ ನಿಲ್ಲಿಸ್ತಾರಾ ಅಥವಾ ಒಂದು ಗೇಣು ಮೊದಲೇ ನಿಲ್ಲಿಸ್ತಾರಾ ಅನ್ನೋದನ್ನು ಬರೆದರು. ಯಾರೂ ‘ನಾನು’ ಅಂತ ಒಂದು ಅಕ್ಷರ ಬರೆದಿಲ್ಲ. ಆದರೂ ಯಾರ ಕಣ್ಣು ಎಲ್ಲಿ ಹೋಗುತ್ತೆ ಅನ್ನೋದು ಕಾಗದದ ಮೇಲೆ ಬಂದಾಯ್ತು.

1800ರಲ್ಲಿ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಮೈಸೂರು ಸೀಮೆಯನ್ನು ಸುತ್ತಿ, ದಿನದಿನವೂ ಬೆಳೆ, ನೀರಾವರಿ, ಕಸುಬು, ಬೆಲೆ ಅಂತ ಬರೆದಿಟ್ಟ. ಭಾವನೆ ತೋಡಿಕೊಳ್ಳುವ ಬರವಣಿಗೆ ಅಲ್ಲ ಅದು. ಆದರೆ ಯಾವ ನೆಲ ಎಷ್ಟು ಕೊಡುತ್ತೆ ಅಂತ ಮತ್ತೆ ಮತ್ತೆ ಕೇಳುವ ರೀತಿಯಲ್ಲೇ ಆತ ಯಾರ ಕೆಲಸಕ್ಕೆ ಬಂದವನು ಅನ್ನೋದು ಗೊತ್ತಾಗುತ್ತೆ.

‘ಫೋಟೊ ಇದೆಯಲ್ಲ, ಬರೆಯೋದು ಯಾಕೆ?’ ಅನ್ನುವವರಿಗೆ ಒಂದು ಪ್ರಯೋಗದ ವಿಷಯ ಹೇಳ್ತೀನಿ. ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ 2014ರಲ್ಲಿ ಪ್ರಕಟಿಸಿದ್ದು. ಮ್ಯೂಸಿಯಂನಲ್ಲಿ ಕೆಲವು ವಸ್ತುಗಳನ್ನು ಬರೀ ನೋಡಲು, ಕೆಲವನ್ನು ಫೋಟೊ ತೆಗೆಯಲು ಹೇಳಿದರು. ಪೂರ್ತಿ ವಸ್ತುವಿನ ಫೋಟೊ ತೆಗೆದಾಗ ಅದರ ವಿವರಗಳ ನೆನಪು ಕಡಿಮೆಯಾಗಿತ್ತು. ಯಾವುದಾದರೂ ಒಂದು ಭಾಗವನ್ನು ಮಾತ್ರ ಜೂಮ್ ಮಾಡಿ ತೆಗೆದಾಗ ಆ ನಷ್ಟ ಕಾಣಲಿಲ್ಲ. ಅಂದರೆ ಫೋಟೊ ಬೇಡ ಅಂತಲ್ಲ, ಇಡೀ ದೇವಸ್ಥಾನವನ್ನು ಫೋನಿಗೆ ತುಂಬಿಕೊಂಡು ಮುಂದೆ ಹೋಗಿಬಿಡಬೇಡಿ ಅಂತ.

ಸೋಮನಾಥಪುರದಲ್ಲಿ ಇದನ್ನು ಅಭ್ಯಾಸ ಮಾಡಿ. ಮೈಸೂರಿನಿಂದ ಬನ್ನೂರು ದಾರಿಯಲ್ಲಿ ಅರ್ಧ ದಿನದ ಹೋಗಿಬರುವಿಕೆ. ಹೊಯ್ಸಳರ ಮೂರನೆಯ ನರಸಿಂಹನ ಕಾಲದಲ್ಲಿ ಸೋಮನಾಥ ದಂಡನಾಯಕ ಕಟ್ಟಿಸಿದ ಕೇಶವ ದೇವಾಲಯ, 13ನೇ ಶತಮಾನದ್ದು. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೊ ಪಟ್ಟಿಗೆ ಸೇರಿತು. ಈ ವಿವರವೆಲ್ಲ ಎಲ್ಲಿ ಬೇಕಾದರೂ ಸಿಗುತ್ತೆ, ನಿಮ್ಮ ಪುಸ್ತಕದಲ್ಲಿ ಇದಕ್ಕೆ ಒಂದು ಸಾಲು ಸಾಕು. ಜಗತಿ, ಅಂದರೆ ದೇವಾಲಯ ನಿಂತಿರುವ ಎತ್ತರದ ಕಟ್ಟೆ, ಹತ್ತಿದ ಮೇಲೆ ಗೋಡೆಯ ಬುಡದಲ್ಲಿ ಸುತ್ತಲೂ ಪಟ್ಟಿಗಳಿವೆ: ಕೆಳಗೆ ಆನೆ, ಅದರ ಮೇಲೆ ಕುದುರೆ ಸವಾರರು, ಬಳ್ಳಿ, ಪುರಾಣದ ಕಥೆಗಳು, ಮಕರ, ಹಂಸ. ಆನೆಸಾಲನ್ನು ಸರಿಯಾಗಿ ನೋಡಬೇಕಾದರೆ ಕುಕ್ಕರಗಾಲಲ್ಲಿ ಕೂರಲೇಬೇಕು, ನಿಂತು ಹೋಗುವವರಿಗೆ ಅದು ಬರೀ ಅಂಚು. ಒಂದು ಮಾರಿನಷ್ಟು ಜಾಗ ಆರಿಸಿಕೊಂಡು 20 ನಿಮಿಷ ಅಲ್ಲಿಂದ ಕದಲಬೇಡಿ. ‘ಒಂದು ಆನೆಯಂತೆ ಇನ್ನೊಂದಿಲ್ಲ’ ಅಂತ ಯಾರಾದರೂ ಹೇಳಿದರೆ ಒಪ್ಪಿಕೊಂಡು ಬರಬೇಡಿ. ಹತ್ತು ಆನೆ ತಗೊಳ್ಳಿ, ಸೊಂಡಿಲು ಏನು ಮಾಡ್ತಿದೆ, ಮೇಲೆ ಯಾರಾದರೂ ಕೂತಿದ್ದಾರಾ, ಯಾವುದು ಮುಕ್ಕಾಗಿದೆ ಅಂತ ಒಂದೊಂದಕ್ಕೂ ಒಂದು ಸಾಲು ಬರೆಯಿರಿ. ಚಿತ್ರ ಬರಬೇಕಿಲ್ಲ. ಸೊನ್ನೆಗೆ ಸೊನ್ನೆ ಸೇರಿಸಿ ಆನೆ ಮಾಡಿ, ಬಾಣದ ಗುರುತು ಹಾಕಿ ಪಕ್ಕದಲ್ಲಿ ಮಾತಿನಲ್ಲಿ ಬರೆದರಾಯ್ತು. ಹಾಗೇ ಮೇಲಿನ ವಿಗ್ರಹಗಳ ಪೀಠದಲ್ಲಿ ಅಕ್ಷರ ಹುಡುಕಿ. ಮಲ್ಲಿತಮ್ಮ ಎಂಬ ಶಿಲ್ಪಿ ತಾನು ಕಡೆದ ಹಲವು ಶಿಲ್ಪಗಳ ಕೆಳಗೆ ಹೆಸರು ಕೆತ್ತಿದ್ದಾನೆ. ಬೆಳಿಗ್ಗೆ ಅಥವಾ ಇಳಿಹೊತ್ತಿಗೆ ಹೋಗಿ. ಓರೆ ಬಿಸಿಲಿನಲ್ಲಿ ಕೆತ್ತನೆಯ ಆಳ ಎದ್ದು ಕಾಣುತ್ತೆ, ನಡುಮಧ್ಯಾಹ್ನ ಎಲ್ಲ ಚಪ್ಪಟೆ, ಮೇಲಾಗಿ ಬರಿಗಾಲಿಗೆ ಕಲ್ಲು ಸುಡುತ್ತೆ.

ಬೇರೆ ಕಡೆಗಳಲ್ಲಿ ಅಷ್ಟು ಹೊತ್ತು ಕೂರೋಕೆ ಆಗಲ್ಲ, ಮನೆಯವರು ‘ಬೇಗ ಬಾ’ ಅಂತಿರ್ತಾರೆ. ಆಗ ಐದು ಸಾಲು. ಒಂದು ಸದ್ದು, ಒಂದು ವಾಸನೆ, ಒಂದು ಅಳತೆ ಅಥವಾ ಬೆಲೆ, ಯಾರೋ ಆಡಿದ ಒಂದು ಮಾತು, ನಾನು ಅಂದುಕೊಂಡಿದ್ದಕ್ಕೆ ವಿರುದ್ಧವಾಗಿ ಕಂಡದ್ದು ಒಂದು. ಅಳತೆ ಅಂದರೆ, ಕನ್ನಂಬಾಡಿ ಕಟ್ಟೆಗೆ ಹೋದಾಗ ‘ತುಂಬಾ ನೀರಿತ್ತು’ ಅನ್ನೋ ಬದಲು ಆ ದಿನದ ಮಟ್ಟ ಎಷ್ಟಡಿ ಅಂತ ಬರೆಯೋದು. ಭರ್ತಿ ಮಟ್ಟ 124.80 ಅಡಿ, ಅವತ್ತಿನದು ಪೇಪರಿನಲ್ಲೇ ಸಿಗುತ್ತೆ. ಮಾತನ್ನು ಆಡಿದ ಹಾಗೇ ಬರೆಯಿರಿ. ಮಂಡ್ಯದ ಅಜ್ಜ ‘ಎಲ್ಗೋಯ್ತಿದ್ದೀರಿ ಸಾಮಿ’ ಅಂದಿದ್ದನ್ನು ಶಾಲೆ ಕನ್ನಡಕ್ಕೆ ತಿದ್ದಿದರೆ ಆ ಅಜ್ಜ ಪುಟದಿಂದ ಎದ್ದುಹೋಗ್ತಾನೆ.

ಐದನೇ ಸಾಲೇ ನಿಜವಾದ ಬಂಡವಾಳ. ಕನ್ನಂಬಾಡಿಯನ್ನು ಸಿಮೆಂಟಿನಲ್ಲಿ ಕಟ್ಟಿದ್ದು ಅಂದುಕೊಂಡಿದ್ದವರಿಗೆ ಅದು ಸುರ್ಕಿ ಗಾರೆ (ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ್ದು) ಅಂತ ಅಲ್ಲಿ ತಿಳಿದರೆ, ಎರಡನ್ನೂ ಬರೆಯಬೇಕು: ಏನಂದುಕೊಂಡಿದ್ದೆ, ಏನಿತ್ತು. ಮನೆಗೆ ಬಂದ ಮೇಲೆ ಇದನ್ನು ನೆನಪಿಸಿಕೊಳ್ಳೋಕೆ ಆಗಲ್ಲ, ಯಾಕಂದರೆ ನಿಜ ಗೊತ್ತಾದ ಮೇಲೆ ಮೊದಲಿಂದಲೂ ಗೊತ್ತಿತ್ತು ಅಂತ ಮನಸ್ಸು ನಂಬಿಸಿಬಿಡುತ್ತೆ.

ಸಾಮಾನಿನ ವಿಷಯ. ಮಾಮೂಲಿ ನೋಟ್‌ಬುಕ್ಕಿನ ಕಾಗದ 60–70 ಜಿಎಸ್ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಇರುತ್ತೆ, ಜೆಲ್ ಪೆನ್ನಿನ ಶಾಯಿ ಹಿಂದಿನ ಪುಟಕ್ಕೆ ಇಳಿಯುತ್ತೆ, ನೀರುಬಣ್ಣ ಹಚ್ಚಿದರೆ ಮುದುಡುತ್ತೆ. 130ರಿಂದ 150 ಜಿಎಸ್ಎಂ ಇದ್ದರೆ ಬರೆಯೋಕೂ ತೆಳುಬಣ್ಣಕ್ಕೂ ಸಾಕು. 300ರ ಜಲವರ್ಣದ ಹಾಳೆ ಟಿಪ್ಪಣಿಗೆ ದಂಡ. ಅಳತೆ ಎ5. ಬೈಂಡಿಂಗ್ ಅಂಗಡಿಯಲ್ಲಿ ಹೇಳಿ ಹೊಲಿಗೆ ಹಾಕಿಸಿ, ಬರೀ ಅಂಟಿನದು ಬೇಡ: ಪೂರ್ತಿ ಬಿಚ್ಚಿಟ್ಟರೆ ಬೆನ್ನು ಸೀಳುತ್ತೆ. ಪ್ರತಿ ಐದು ಹಾಳೆಗೊಂದನ್ನು ಬೆನ್ನಿನ ಕಡೆ ಅರ್ಧ ಇಂಚು ಉಳಿಸಿ ಕತ್ತರಿಸಿಬಿಡಿ. ಮುಂದೆ ಟಿಕೆಟ್, ಎಲೆ ಅಂಟಿಸಿದಾಗ ಆ ದಪ್ಪಕ್ಕೆ ಜಾಗ ಬೇಕು, ಇಲ್ಲದಿದ್ದರೆ ಪುಸ್ತಕ ಬಾಯಿ ಬಿಟ್ಟುಕೊಂಡೇ ಇರುತ್ತೆ. ಪೆನ್ನು ಅಂದರೆ ಬಾಲ್ ಪೆನ್, ಅದರ ಶಾಯಿ ಎಣ್ಣೆಯದು, ಮಳೆಹನಿಗೆ ಹರಡಲ್ಲ.

ಬಸ್ಸಿನ, ಪಾರ್ಕಿಂಗ್‌ನ, ಟೋಲ್‌ನ ಮೆಷಿನ್ ಟಿಕೆಟ್‌ಗಳಿಂದ ಎಲ್ಲರಿಗೂ ಆಗುವ ನಿರಾಶೆ ಒಂದೇ: ವರ್ಷ ಕಳೆದು ತೆರೆದರೆ ಬಿಳಿ ಚೀಟಿ. ಅದು ಥರ್ಮಲ್ ಕಾಗದ. ಶಾಯಿಯೇ ಇಲ್ಲ, ಬಿಸಿಗೆ ಕಪ್ಪಾಗುವ ಲೇಪನ ಮಾತ್ರ. ಬಿಸಿಲು, ಪ್ಲಾಸ್ಟಿಕ್ ಕವರ್, ಸೆಲ್ಲೋಟೇಪಿನ ಅಂಟು ಎಲ್ಲವೂ ಅದಕ್ಕೆ ಶತ್ರು. ಅದೇ ದಿನ ಫೋಟೊ ತೆಗೆಯಿರಿ, ಇಲ್ಲವೇ ಜೆರಾಕ್ಸ್ ಮಾಡಿಸಿ ಜೆರಾಕ್ಸನ್ನೇ ಅಂಟಿಸಿ. ಮೂಲವೇ ಬೇಕೆಂದರೆ ಗ್ಲೂ ಸ್ಟಿಕ್ಕಿನಿಂದ ಮೇಲಂಚಿಗೆ ಮಾತ್ರ ಅಂಟಿಸಿ, ಊರು, ದರ, ಹೊತ್ತನ್ನು ಪಕ್ಕದಲ್ಲಿ ಬಾಲ್ ಪೆನ್ನಿನಲ್ಲಿ ನಕಲು ಮಾಡಿ. ಫೆವಿಕಾಲ್‌ನಲ್ಲಿ ನೀರಿನಂಶ ಹೆಚ್ಚು, ಹಾಳೆ ಸುಕ್ಕಾಗುತ್ತೆ. ಅನ್ನದ ಗಂಜಿ ಹಚ್ಚಿದರೆ ಹುಳುಗಳಿಗೆ ಹಬ್ಬ.

ಹೂವು ಇಡಬೇಕೆಂದರೆ ಮಲ್ಲಿಗೆ ಬಿಟ್ಟುಬಿಡಿ, ಕಂದು ಬಣ್ಣಕ್ಕೆ ತಿರುಗುತ್ತೆ. ತೆಳು ಎಲೆ, ಹುಲ್ಲಿನ ತೆನೆ ಉಳಿಯುತ್ತವೆ. ನ್ಯೂಸ್ ಪೇಪರ್ ನಡುವೆ ಇಟ್ಟು ಮೇಲೆ ಭಾರ ಹೇರಿ, ಮೊದಲ ಮೂರು ದಿನ ಪೇಪರ್ ಬದಲಿಸಿ, ಎರಡು ವಾರ ಬಿಡಿ. ಅರೆಬರೆ ಒಣಗಿದ್ದನ್ನು ಅಂಟಿಸಿದರೆ ಆಷಾಢ ಬರುವಷ್ಟರಲ್ಲಿ ಬೂಷ್ಟು. ರಂಗನತಿಟ್ಟಿನಲ್ಲಿ ಬಿದ್ದ ಗರಿ ಎತ್ತಿಕೊಂಡು ಬರಬೇಡಿ, ಪಕ್ಷಿಧಾಮದಿಂದ ಏನನ್ನೂ ತರುವ ಹಾಗಿಲ್ಲ, ನೋಡಿ ಬರೆದುಕೊಳ್ಳಿ.

ಈಗ ಅಸಲು ಕೆಲಸ. ಸ್ಥಳದಲ್ಲಿ ಬರೆಯುವಾಗ ಎಡಪುಟ ಮಾತ್ರ ಬಳಸಿ, ಬಲಪುಟ ಖಾಲಿ ಬಿಡಿ. ಅವತ್ತೇ ರಾತ್ರಿ ಎಡಪುಟದ ಗೀಚನ್ನು ಓದಲು ಬರುವಷ್ಟು ಬಿಡಿಸಿ ಬರೆದರೆ ಸಾಕು, ಅಲಂಕಾರ ಬೇಡ. ಒಂದೂವರೆ ತಿಂಗಳಾದ ಮೇಲೆ ಮೂರು ಬಣ್ಣದ ಪೆನ್ಸಿಲ್ ಹಿಡಿದು ಓದಿ. ಮನುಷ್ಯರಿಗೆ ಒಂದು ಬಣ್ಣ, ವಸ್ತು-ಕಟ್ಟಡ-ಗಿಡಮರಕ್ಕೆ ಒಂದು, ಖರ್ಚು ಮತ್ತು ಊಟಕ್ಕೆ ಒಂದು. ಅಡಿಗೆರೆ ಹಾಕುತ್ತಾ ಹೋಗಿ. ‘ಸುಂದರ’, ‘ಅದ್ಭುತ’ ಅನ್ನುವ ಮಾತು ಎಲ್ಲೆಲ್ಲಿ ಬಂದಿದೆಯೋ ಅಲ್ಲಿ ನೀವು ನೋಡೋದನ್ನು ನಿಲ್ಲಿಸಿದ್ದೀರಿ ಅಂತ ಲೆಕ್ಕ. ಅದಕ್ಕೆ ಸುತ್ತು ಹಾಕಿ. ಹೀಗೆ ಓದುವಾಗ ಕಂಡದ್ದನ್ನು ಬಲಪುಟದಲ್ಲಿ ಬರೆಯಿರಿ.

ಹೆಚ್ಚು ತಿಳಿಯೋದು ಪುಟದಲ್ಲಿ ಏನಿಲ್ಲವೋ ಅದರಿಂದ. ಶ್ರೀರಂಗಪಟ್ಟಣದ ನಾಲ್ಕು ಪುಟದಲ್ಲಿ ಟಿಪ್ಪುವಿನ ಅರಮನೆ ದರಿಯಾ ದೌಲತ್ತಿನ ಗೋಡೆಚಿತ್ರ ಇದೆ, ಸಂಗಮದ ನೀರಿದೆ, ಮದ್ದೂರು ವಡೆಯ ಬೆಲೆಯೂ ಇದೆ. ದಿನವಿಡೀ ಜೊತೆಗಿದ್ದ ಅತ್ತೆ ಮಾತ್ರ ಎಲ್ಲೂ ಇಲ್ಲ. ಇಂಥದ್ದು ಕಂಡಾಗ ತಕ್ಷಣ ‘ನಾನು ಸ್ವಾರ್ಥಿ’ ಅಂತ ತೀರ್ಪು ಬರೆಯಬೇಡಿ. ಅವತ್ತು ತಲೆನೋವಿರಬಹುದು, ಅತ್ತೆಗೂ ಮಾತು ಬೇಡವಾಗಿರಬಹುದು. ನಾಲ್ಕೈದು ಪ್ರವಾಸದ ಪುಟಗಳಲ್ಲಿ ಅದೇ ಖಾಲಿ ಜಾಗ ಮತ್ತೆ ಮತ್ತೆ ಬಂದರೆ ಆಗ ಅದು ನಿಮ್ಮ ಸ್ವಭಾವದ ಗುರುತು. ಒಂದೇ ಪ್ರವಾಸದಿಂದ ತನ್ನನ್ನು ಅರಿತೆ ಅನ್ನೋದು ಕಣಿ ಕೇಳಿದ ಹಾಗೆ.

ಮುಂದಿನ ಸಲ ಎಲ್ಲಿಗೆ ಹೋಗಬೇಕು ಅನ್ನೋದನ್ನೂ ಆ ಖಾಲಿ ಜಾಗವೇ ಹೇಳಲಿ. ಪುಟಗಳಲ್ಲಿ ಮನುಷ್ಯರೇ ಇಲ್ಲದಿದ್ದರೆ ಇನ್ನೊಂದು ದೇವಸ್ಥಾನ ಬೇಡ, ಕಬ್ಬು ಕಡಿಯುವ ಕಾಲದಲ್ಲಿ ಮಂಡ್ಯ ಕಡೆಯ ಒಂದು ಆಲೆಮನೆಗೆ ಹೋಗಿ. ಮೊದಲು ಯಜಮಾನರನ್ನು ಕೇಳಿ, ಆಮೇಲೆ ಪುಸ್ತಕ ತೆಗೆಯಿರಿ. ಕೊಪ್ಪರಿಗೆಯಲ್ಲಿ ಪಾಕ ಹದಕ್ಕೆ ಬರುವ ಹೊತ್ತಿನಲ್ಲಿ ಯಾರನ್ನೂ ಮಾತಾಡಿಸಬೇಡಿ, ಹತ್ತಿರವೂ ನಿಲ್ಲಬೇಡಿ. ಒಂದು ಗಳಿಗೆ ಹೆಚ್ಚುಕಮ್ಮಿಯಾದರೆ ಬೆಲ್ಲ ಕೆಡುತ್ತೆ, ಮೈಮೇಲೆ ಹಾರಿದರೆ ಬೊಬ್ಬೆ. ಅಚ್ಚಿಗೆ ಸುರಿದಾದ ಮೇಲೆ ಅವರೇ ಬೀಡಿ ಹಚ್ಚಿ ಕೂರ್ತಾರೆ. ಹದ ಬಂತು ಅಂತ ಹೇಗೆ ಗೊತ್ತಾಗುತ್ತೆ ಅಂತ ಆಗ ಕೇಳಿ, ಉತ್ತರವನ್ನು ಅವರ ಬಾಯಲ್ಲಿ ಬಂದ ಹಾಗೇ ಎಡಪುಟದಲ್ಲಿ ಬರೆದುಕೊಳ್ಳಿ.