ಗಂಟೆ ಹಂಚುವ ಕೆಲಸ

ಹಾಸನಾಂಬೆಯ ಬಾಗಿಲು ತೆರೆದಿರುವಾಗ ಊರಲ್ಲಿರಬೇಕು ಅಂತ ಈ ವರ್ಷ ಹಟ ಹಿಡಿದೆ. 2014ರಲ್ಲಿ ಗಂಡನ ಕೆಲಸದ ಬೆನ್ನಿಗೆ ಇಂಗ್ಲೆಂಡಿನ ಲೆಸ್ಟರ್‌ಗೆ ಹೋದವಳಿಗೆ ಇಷ್ಟು ವರ್ಷ ಆ ದಿನಗಳಿಗೆ ರಜೆ ಹೊಂದಿರಲೇ ಇಲ್ಲ. ನಾನು ಮ್ಯಾನೇಜರ್ ಆಗಿರುವ ಸೂಪರ್ ಮಾರ್ಕೆಟ್‌ನಲ್ಲಿ ನವೆಂಬರ್ ಮಧ್ಯದಿಂದ ಹೊಸ ವರ್ಷದ ತನಕ ಯಾರೂ ರಜೆ ಕೇಳುವ ಹಾಗಿಲ್ಲ, ಕ್ರಿಸ್‌ಮಸ್ ವ್ಯಾಪಾರ. ಈ ಸಲ ದೀಪಾವಳಿ ಅಕ್ಟೋಬರ್‌ನಲ್ಲೇ ಬಂತು, ಎರಡು ವಾರ ಸಿಕ್ಕಿತು.

ದರ್ಶನ ಮುಗಿದ ಮರುದಿನ ಕಟ್ಟಿನಕೆರೆ ಮಾರ್ಕೆಟ್ ಹತ್ತಿರ ಇರುವ ಸೋದರಮಾವನ ದಿನಸಿ ಅಂಗಡಿಯಲ್ಲಿ ಕೂತಿದ್ದೆ. ಮಾವ ಬಾಕಿ ಪುಸ್ತಕ ಮುಚ್ಚಿ ಕೇಳಿದರು: "ಅಲ್ಲಿ ನಿನ್ನ ಕೈಕೆಳಗೆ ಎಷ್ಟು ಜನ ಅವ್ರೆ ಕಣವ್ವ?"

"ಅರವತ್ತೆರಡು ಜನ ಮಾವ."

ಬೆಲ್ಲ ತೂಗಿಸಿಕೊಳ್ಳುತ್ತಿದ್ದ ಹುಡುಗನೊಬ್ಬ ತಿರುಗಿ ನೋಡಿದ. ಚನ್ನರಾಯಪಟ್ಟಣದ ಕಡೆಯವನು, ಬಿ.ಕಾಂ. ಮುಗಿಸಿ ಅಲ್ಲಿಗೇ ಎಂ.ಎಸ್ಸಿಗೆ ಅರ್ಜಿ ಹಾಕಿದ್ದಾನಂತೆ. "ಅಕ್ಕ, ಓದ್ತಾ ಓದ್ತಾ ಇಂಥ ಅಂಗಡೀಲಿ ಸೇರ್ಕೊಂಡು ಆಮೇಲೆ ಮ್ಯಾನೇಜರ್ ಆಗ್ಬೋದಲ್ವಾ?" ಅಂದ. ಅವನ ಕಣ್ಣಲ್ಲಿದ್ದ ಆಸೆ ನೋಡಿ ಒಂದು ಮಾತಲ್ಲಿ ಉತ್ತರ ಹೇಳಲು ಮನಸ್ಸಾಗಲಿಲ್ಲ. ಅವತ್ತು ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಅವನಂಥವರು ನಮ್ಮ ಕಡೆ ಬಹಳ ಜನ ಇದ್ದಾರೆ.

ಮ್ಯಾನೇಜರ್ ಅಂದರೆ ಎ.ಸಿ. ರೂಮು ಅಂದುಕೊಂಡವರು ಬಹಳ. ನಾನು ಬೆಳಿಗ್ಗೆ ಆರಕ್ಕೆ ಬೀಗ ತೆಗೆಯುತ್ತೇನೆ. ರಾತ್ರಿ ಬಂದ ಲಾರಿಯ ಸಾಮಾನು ಕಪಾಟಿಗೆ ಏರಿದೆಯೋ ಇಲ್ಲವೋ ನೋಡುತ್ತೇನೆ, ಹಾಲಿನ ಫ್ರಿಜ್ಜಿನ ತಾಪಮಾನ ಬರೆಯುತ್ತೇನೆ, ಬರದವರಿಗೆ ಫೋನ್ ಮಾಡುತ್ತೇನೆ, ಯಾರೂ ಇಲ್ಲದಿದ್ದರೆ ನಾನೇ ಕೌಂಟರಿಗೆ ಕೂರುತ್ತೇನೆ. ದಿನಕ್ಕೆ ಹತ್ತು ಕಿಲೋಮೀಟರ್ ನಡಿಗೆ ಅಂಗಡಿಯೊಳಗೇ ಆಗುತ್ತದೆ. ಮೈ ದಣಿಯುತ್ತದೆ, ರಾತ್ರಿ ನಿದ್ದೆ ಮಾಡಿದರೆ ಹೋಗುತ್ತದೆ. ಹೋಗದೆ ಉಳಿಯುವ ಭಾರ ಬೇರೆ ಇದೆ.

ಅದು ಗಂಟೆಗಳದ್ದು. ಈ ವಾರ ನಿಮ್ಮ ಅಂಗಡಿಗೆ ಒಟ್ಟು ಇಷ್ಟು ಗಂಟೆ ಕೆಲಸ ಅಂತ ಹೆಡ್ ಆಫೀಸಿನಿಂದ ಒಂದು ಅಂಕಿ ಬರುತ್ತದೆ. ಆ ಗಂಟೆಗಳನ್ನು ಅರವತ್ತೆರಡು ಜನಕ್ಕೆ ಹಂಚಿ ಡ್ಯೂಟಿ ಪಟ್ಟಿ ಮಾಡಬೇಕು. ಅದಕ್ಕೆ ಅಲ್ಲಿ ರೋಟಾ ಅನ್ನುತ್ತಾರೆ. ನಮ್ಮಲ್ಲಿ ಹೆಚ್ಚಿನವರಿಗೆ ತಿಂಗಳ ಸಂಬಳ ಇಲ್ಲ, ಗಂಟೆಗಿಷ್ಟು. ಕಾಗದದ ಮೇಲೆ ಹದಿನಾರು ಗಂಟೆಯ ಕರಾರು ಇರುತ್ತದೆ, ವರ್ಷಗಟ್ಟಲೆ ಇಪ್ಪತ್ತೆಂಟು ಗಂಟೆ ಮಾಡುತ್ತಾ ಬಂದಿರುತ್ತಾರೆ, ಮನೆ ಬಾಡಿಗೆ ಆ ಇಪ್ಪತ್ತೆಂಟರ ಮೇಲೆ ನಿಂತಿರುತ್ತದೆ. ಮೇಲಿನ ಹನ್ನೆರಡು ಗಂಟೆಗೆ ಯಾವ ಕರಾರೂ ಇಲ್ಲ. ಅದನ್ನು ಕೊಡುವವಳೂ ನಾನು, ಕಿತ್ತುಕೊಳ್ಳುವವಳೂ ನಾನು.

2025ರ ಏಪ್ರಿಲ್‌ನಲ್ಲಿ ಎರಡು ಏಟು ಒಟ್ಟಿಗೇ ಬಿದ್ದವು. ಕನಿಷ್ಠ ಕೂಲಿ ಗಂಟೆಗೆ 11.44 ಪೌಂಡ್ ಇದ್ದದ್ದು 12.21 ಆಯಿತು. ಅದು ಆಗಲೇಬೇಕಿತ್ತು, ಬೆಲೆಗಳು ಏರಿದ ರೀತಿ ನೋಡಿದರೆ ಅದೂ ಸಾಲದು. ಜೊತೆಗೆ ನ್ಯಾಷನಲ್ ಇನ್ಶೂರೆನ್ಸ್‌ಗೆ, ಅಂದರೆ ಪಿಂಚಣಿ, ಭತ್ಯೆಗಳಿಗಾಗಿ ಸಂಬಳದ ಮೇಲೆ ಸರ್ಕಾರಕ್ಕೆ ಕಟ್ಟುವ ವಂತಿಗೆಗೆ, ಮಾಲೀಕರು ಕೊಡುವ ಪಾಲು ಶೇ 13.8ರಿಂದ 15ಕ್ಕೆ ಹೋಯಿತು. ಅದಕ್ಕಿಂತ ದೊಡ್ಡದು ಇನ್ನೊಂದು: ವರ್ಷಕ್ಕೆ 9,100 ಪೌಂಡ್ ದಾಟಿದ ಸಂಬಳದ ಮೇಲೆ ಮಾತ್ರ ಕಟ್ಟಬೇಕಿದ್ದದ್ದನ್ನು 5,000ಕ್ಕೆ ಇಳಿಸಿದರು. ಇಪ್ಪತ್ತೊಂದು ದಾಟಿದ ಹೆಂಗಸೊಬ್ಬಳು ವಾರಕ್ಕೆ ಹದಿನಾಲ್ಕು ಗಂಟೆ ದುಡಿದರೆ ಮೊದಲು ಅವಳ ಲೆಕ್ಕದಲ್ಲಿ ಮಾಲೀಕ ಏನೂ ಕಟ್ಟಬೇಕಿರಲಿಲ್ಲ, ಈಗ ಕಟ್ಟಬೇಕು. ಸೂಪರ್ ಮಾರ್ಕೆಟ್ ನಡೆಯುವುದೇ ಇಂಥವರಿಂದ. ಮೇ ತಿಂಗಳ ಹೊತ್ತಿಗೆ ನನ್ನ ಅಂಗಡಿಗೆ ಬರುವ ಅಂಕಿ ವಾರಕ್ಕೆ ಎಪ್ಪತ್ತು ಗಂಟೆ ಕಡಿಮೆಯಾಯಿತು. ಲಾರಿ ಅಷ್ಟೇ ಬರುತ್ತಿತ್ತು, ಗಿರಾಕಿಗಳೂ ಅಷ್ಟೇ.

ನಮ್ಮ ಬ್ರೆಡ್ ವಿಭಾಗದಲ್ಲಿ ಒಬ್ಬರು ಗುಜರಾತಿ ಹೆಂಗಸು ಇದ್ದಾರೆ, ಎಲ್ಲರೂ ಬೆನ್ ಅಂತಲೇ ಕರೆಯುವುದು, ಗುಜರಾತಿಯಲ್ಲಿ ಅಕ್ಕ ಅಂತ. 1972ರಲ್ಲಿ ಇದಿ ಅಮೀನ್ ಏಷ್ಯಾದವರನ್ನು ಉಗಾಂಡದಿಂದ ಹೊರಹಾಕಿದಾಗ ಅಪ್ಪ ಅಮ್ಮನ ಜೊತೆ ಬಂದ ಎಂಟು ವರ್ಷದ ಹುಡುಗಿ ಅವರು. ನನಗೆ ಈ ಕೆಲಸದ ಅ ಆ ಇ ಈ ಕಲಿಸಿದ್ದು ಅವರೇ. ಸಂಜೆ ಆರೂಮುಕ್ಕಾಲಿಗೆ ಸೊಂಟಕ್ಕೆ ಲೇಬಲ್ ಮೆಷಿನ್ ಸಿಕ್ಕಿಸಿಕೊಂಡು ತಾರೀಖು ಹತ್ತಿರ ಬಂದ ಸಾಮಾನಿಗೆ ಬೆಲೆ ಇಳಿಸಿದ ಹಳದಿ ಚೀಟಿ ಅಂಟಿಸುವ ಕೆಲಸ ಇರುತ್ತದೆ. ಮಾಂಸ, ಮೀನು, ಕತ್ತರಿಸಿದ ಸೊಪ್ಪಿನಂಥವಕ್ಕೆ 'ಯೂಸ್ ಬೈ' ತಾರೀಖು. ಅದು ದಾಟಿದರೆ ಮಾರುವುದು ಅಪರಾಧ. ಬಿಸ್ಕೆಟ್, ಅಕ್ಕಿಯಂಥವಕ್ಕೆ 'ಬೆಸ್ಟ್ ಬಿಫೋರ್', ದಾಟಿದರೂ ತಿನ್ನಬಹುದು. ಬೆಲೆ ಎಷ್ಟು ಇಳಿಸಬೇಕು, ಯಾವಾಗ ಇಳಿಸಬೇಕು ಅನ್ನುವುದು ಕೈಗೆ ಬರಬೇಕಾದ ವಿದ್ಯೆ. ಬೇಗ ಇಳಿಸಿದರೆ ನಷ್ಟ, ತಡ ಮಾಡಿದರೆ ಕಸದ ಡಬ್ಬಿ. ಮೂಲೆಯಲ್ಲಿ ಏನೋ ಓದುವವರ ಹಾಗೆ ನಿಂತಿರುವ ಮುದುಕರನ್ನು ಬೆನ್ ನನಗೆ ಮೊದಲ ದಿನವೇ ತೋರಿಸಿದ್ದರು. "ಅವರು ನಿನ್ನ ಚೀಟಿಗೇ ಕಾಯ್ತಿರೋದು. ಅವರ ಕಡೆ ನೋಡಬೇಡ, ಅಂಟಿಸಿ ಮುಂದೆ ಹೋಗು" ಅಂದಿದ್ದರು. ಅಂದಿನಿಂದ ಹಾಗೇ ಮಾಡುತ್ತೇನೆ.

ಆದರೂ ಉಳಿಯುತ್ತದೆ. ಉಳಿದದ್ದನ್ನು ಒಂದೊಂದಾಗಿ ಸ್ಕ್ಯಾನ್ ಮಾಡಿ ಎಸೆಯಬೇಕು. ನಮ್ಮದು ಆಲೂರು ಕಡೆ ಆಲೂಗಡ್ಡೆ ಬೆಳೆದ ಮನೆ. ಅಂಗಮಾರಿ ಬಂದ ವರ್ಷ ಅಪ್ಪ ಕೊಳೆತ ಗೆಡ್ಡೆಯ ರಾಶಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಒಳ್ಳೆಯದು ಒಂದಾದರೂ ಸಿಗುತ್ತಾ ಅಂತ ತಿರುಗಿಸಿ ತಿರುಗಿಸಿ ನೋಡುತ್ತಿದ್ದದ್ದು ಕಣ್ಣಿಗೆ ಕಟ್ಟಿದೆ. ಏನೂ ಆಗದ ಊಟದ ಪೊಟ್ಟಣಗಳನ್ನು ತಾರೀಖಿನ ಕಾರಣಕ್ಕೆ ಡಬ್ಬಿಗೆ ಹಾಕುವಾಗ ಇವತ್ತಿಗೂ ನನ್ನ ಕೈ ತಡೆಯುತ್ತದೆ.

ಆ ಎಪ್ಪತ್ತು ಗಂಟೆಯಲ್ಲಿ ಬೆನ್ ಪಾಲಿನದು ಎಂಟು. ಮೇಲಿನ ಚಿಕ್ಕ ರೂಮಿಗೆ ಕರೆದು ಹೊಸ ರೋಟಾ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಬೆರಳಿಟ್ಟು ಸಾಲು ಸಾಲಾಗಿ ಓದಿದರು. ಏನೋ ಹೇಳುತ್ತಾರೆ ಅಂತ ನಾನು ಉಸಿರು ಹಿಡಿದಿದ್ದೆ. "ಬೇಟಾ, ಮಂಗಳವಾರ ತೆಗೆದಿದ್ದೀಯ. ಅದರ ಬದಲು ಬುಧವಾರ ತೆಗೆ. ಮಂಗಳವಾರ ಮಧ್ಯಾಹ್ನ ಲಾರಿ ಬರುತ್ತೆ, ಆ ಹೊಸ ಹುಡುಗಿ ಒಬ್ಬಳ ಕೈಲಿ ಆಗಲ್ಲ." ಅಷ್ಟು ಹೇಳಿ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಕೆಳಗೆ ಹೋದರು. ನಾನು ಬುಧವಾರವನ್ನೇ ತೆಗೆದೆ. ಅವತ್ತು ರಾತ್ರಿ ಊಟ ಸೇರಲಿಲ್ಲ.

ನಮ್ಮ ಹುಡುಗರ ವಿಷಯವನ್ನೂ ಹೇಳಬೇಕು. ವಿದ್ಯಾರ್ಥಿ ವೀಸಾದಲ್ಲಿರುವ ಡಿಗ್ರಿ, ಎಂ.ಎಸ್ಸಿ. ಮಕ್ಕಳು ತರಗತಿ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ದಾಟಿದರೆ ಅವರ ವೀಸಾಕ್ಕೆ ಕುತ್ತು. ಕೆಲಸ ಕೊಟ್ಟವರನ್ನೂ ಬಿಡುವುದಿಲ್ಲ, 2024ರಿಂದ ಮೊದಲ ಸಲದ ತಪ್ಪಿಗೇ ಅಂಥ ಒಬ್ಬೊಬ್ಬ ಕೆಲಸಗಾರನಿಗೆ 45,000 ಪೌಂಡಿನವರೆಗೆ ದಂಡ. "ಅಕ್ಕ, ಈ ವಾರ ಇನ್ನೊಂದು ಶಿಫ್ಟ್ ಹಾಕಿ, ಫೀಸ್ ಕಟ್ಬೇಕು" ಅಂತ ಕನ್ನಡದಲ್ಲೇ ಕೇಳುತ್ತಾರೆ. ಅಷ್ಟು ದೂರದಲ್ಲಿ ಅಕ್ಕ ಅಂತ ಕರೆದ ಮಗುವಿಗೆ ಆಗಲ್ಲಪ್ಪ ಅನ್ನುವುದು ನನಗೆ ಇನ್ನೂ ಅಭ್ಯಾಸವಾಗಿಲ್ಲ. ಓದು ಮುಗಿಸಿ ಅಂಗಡಿಯಲ್ಲೇ ಮೇಲೇರಿ ಉಳಿದುಬಿಡುತ್ತೇನೆ ಅನ್ನುವ ಲೆಕ್ಕವೂ ಈಗ ಕೂಡುವುದಿಲ್ಲ. ಕೆಲಸದ ವೀಸಾಕ್ಕೆ ಬೇಕಾದ ಸಾಮಾನ್ಯ ಸಂಬಳದ ಮಿತಿ 2024ರ ಏಪ್ರಿಲ್‌ನಲ್ಲಿ 26,200ರಿಂದ 38,700 ಪೌಂಡಿಗೆ ಹಾರಿತು, 2025ರ ಜುಲೈನಲ್ಲಿ 41,700 ಆಯಿತು. ನನ್ನ ಅಂಗಡಿಯ ಸಹಾಯಕ ಮ್ಯಾನೇಜರ್ ಸಂಬಳ ಅಲ್ಲಿಗೆ ಮುಟ್ಟುವುದಿಲ್ಲ. ನಾನು ಬಂದ ದಾರಿ ಬೇರೆ, ಗಂಡನ ವೀಸಾ ಇತ್ತು. ಇದನ್ನು ಆ ಹುಡುಗನಿಗೆ ಎರಡು ಸಲ ಹೇಳಿದೆ. ಮನೆಯವರು ಜಮೀನು ಅಡ ಇಡುವ ಮೊದಲು ಗೊತ್ತಿರಬೇಕಾದ ಮಾತು ಇದು.

ಹಾಗಾದರೆ ಯಾಕೆ ಬಿಡಲಿಲ್ಲ ಅಂತ ಅವನು ಕೇಳಿದ. 2020ರ ಜೂನ್ ಕೊನೆಗೆ ಬೇರೆ ಊರುಗಳು ತೆರೆಯುತ್ತಿದ್ದಾಗ ಲೆಸ್ಟರ್‌ಗೆ ಮಾತ್ರ ಮತ್ತೆ ಲಾಕ್‌ಡೌನ್ ಹಾಕಿದರು. ಇಡೀ ದಿನದಲ್ಲಿ ಇನ್ನೊಬ್ಬರ ಮುಖ ನೋಡಲು ನಮ್ಮ ಅಂಗಡಿಗೇ ಬರುತ್ತಿದ್ದ ಒಂಟಿ ಜೀವಗಳಿದ್ದವು. ಒಂದು ಮೊಟ್ಟೆ ಡಬ್ಬಿ ಕೊಳ್ಳಲು ದಿನಾ ಬರುವ ಅಜ್ಜ ಎರಡು ದಿನ ಕಾಣದಿದ್ದಾಗ ವಿಚಾರಿಸಿ ಮನೆ ಬಾಗಿಲಿಗೆ ಸಾಮಾನು ಮುಟ್ಟಿಸಿದ್ದೆವು. ತಲೆ ಎತ್ತಿ ಮಾತಾಡಲು ಹೆದರುತ್ತಿದ್ದ ಒಬ್ಬ ಹುಡುಗನನ್ನು ಟ್ರಾಲಿ ಜೋಡಿಸುವ ಕೆಲಸಕ್ಕೆ ತೆಗೆದುಕೊಂಡಿದ್ದೆ, ಈಗ ಅವನು ಇನ್ನೊಂದು ಅಂಗಡಿಯಲ್ಲಿ ಸಹಾಯಕ ಮ್ಯಾನೇಜರ್. ಬೆಲ್‌ಗ್ರೇವ್ ರಸ್ತೆಯಲ್ಲಿ ದೀಪಾವಳಿ ದೀಪ ಹತ್ತುವ ಹೊತ್ತಿಗೆ ನಮ್ಮಲ್ಲಿ ಒಂದು ಸಾಲು ಪೂರ್ತಿ ತುಪ್ಪ, ಕಡ್ಲೆಹಿಟ್ಟು, ಹಣತೆ ಇರುತ್ತದೆ. ಆ ಸಾಲಿಗೆ ನಾನು ಜಗಳವಾಡಿಯೇ ಜಾಗ ಪಡೆದದ್ದು. ಈ ಕೆಲಸ ನನಗೆ ಇಷ್ಟ.

ಮಾವ ಎಲ್ಲ ಕೇಳಿಸಿಕೊಂಡು, ಮೂಟೆ ಹೊರುವ ತಮ್ಮ ಹಳೇ ಆಳಿನ ಕಡೆ ನೋಡಿದರು. "ಇವನಿಗೆ ನಾನು ಗಂಟೆ ಲೆಕ್ಕ ಕಟ್ಟಿಲ್ಲವ್ವ" ಅಂದರು. ನಿಜ. ವ್ಯಾಪಾರ ಇಲ್ಲದ ದಿನವೂ ಅವನಿಗೆ ಕೂಲಿ ಉಂಟು. ಆದರೆ ಅಲ್ಲಿ ನನ್ನ ಬೆನ್‌ಗೆ ವರ್ಷಕ್ಕೆ 5.6 ವಾರ ಸಂಬಳದ ರಜೆ ಕಾನೂನೇ ಕೊಡುತ್ತದೆ, ಪಿಂಚಣಿಗೆ ಕಂಪನಿಯೂ ಹಣ ಹಾಕುತ್ತದೆ. ಈ ಅಣ್ಣ ನಾಳೆ ಬೆನ್ನು ಹಿಡಿದು ಮಲಗಿದರೆ ಮಾವನ ಒಳ್ಳೆಯತನ ಬಿಟ್ಟರೆ ಬೇರೆ ಆಸರೆ ಇಲ್ಲ. ಅದನ್ನೂ ಮಾವನಿಗೆ ಹೇಳಿದೆ. ಅವರು ಸುಮ್ಮನೆ ತಲೆಯಾಡಿಸಿದರು.

ಅಷ್ಟರಲ್ಲಿ ಫೋನಿಗೆ ಮೇಲ್ ಬಂತು, ಕ್ರಿಸ್‌ಮಸ್ ವಾರಗಳ ಗಂಟೆ. ನೂರ ಹತ್ತು ಹೆಚ್ಚು ಕೊಟ್ಟಿದ್ದರು. ರಜೆಯಲ್ಲಿ ಅದನ್ನು ತೆರೆಯಬೇಕಿರಲಿಲ್ಲ, ಮನಸ್ಸು ತಡೆಯಲಿಲ್ಲ. ಮಾವ ಗಲ್ಲಾಪೆಟ್ಟಿಗೆ ಮೇಲಿನ ಚೀಟಿಗಳನ್ನು ಸರಿಸಿ ಜಾಗ ಮಾಡಿಕೊಟ್ಟರು. ಅವರ ಬಾಕಿ ಪುಸ್ತಕದ ಕೊನೆಯ ಹಾಳೆಯಲ್ಲೇ ಗೆರೆ ಎಳೆದು ಮೊದಲ ಹೆಸರು ಬೆನ್‌ದು ಬರೆದೆ, ಮುಂದೆ 30 ಅಂತ ಹಾಕಿದೆ, ಬುಧವಾರವನ್ನೂ ಸೇರಿಸಿ.