ಆ ಕಾಲದ ಕಡಲಿಗೆ ಕೈ ಅದ್ದಿ ನೋಡಿದವರು ಯಾರು?

ಮದುವೆ ಊಟದ ಪಂಕ್ತಿಯಲ್ಲಿ ಮಾವ ಪಕ್ಕಕ್ಕೆ ಕೂತರೆ ಈ ಪ್ರಶ್ನೆ ಬಂದೇ ಬರುತ್ತದೆ. "ಅಲ್ಲ ಮಾರಾಯ, ಇಪ್ಪತ್ತು ಸಾವಿರ ವರ್ಷದ ಹಿಂದೆ ಸಮುದ್ರ ಇಷ್ಟು ತಣ್ಣಗಿತ್ತು, ಅಷ್ಟು ತಣ್ಣಗಿತ್ತು ಅಂತೀರಲ್ಲ, ನೀವೇನು ಹೋಗಿ ಕೈ ಅದ್ದಿ ನೋಡಿದ್ದೀರಾ?" ಸಾರಿನ ಬಕೆಟ್ ನಮ್ಮ ಎಲೆಗೆ ಬರುವಷ್ಟರಲ್ಲಿ ಉತ್ತರ ಮುಗಿಸಬೇಕು. ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾವು ಕೈ ಅದ್ದಿಲ್ಲ, ನಿಜ. ಆದರೆ ಆ ನೀರಿನಲ್ಲೇ ಹುಟ್ಟಿ ಸತ್ತ ಜೀವಿಗಳಿವೆ. ಹೆಸರು ಫೊರಾಮಿನಿಫೆರಾ. ನಾವು ಸುಮ್ನೆ ಫೊರಾಮ್ ಅನ್ನುತ್ತೇವೆ. ಒಂದೇ ಜೀವಕೋಶ, ಸುತ್ತ ಸುಣ್ಣದ ಚಿಪ್ಪು. ಹೆಚ್ಚಿನವು ಸಾಸಿವೆ ಕಾಳಿಗಿಂತ ಚಿಕ್ಕವು. ಸತ್ತ ಮೇಲೆ ಚಿಪ್ಪು ತಳಕ್ಕಿಳಿದು ಕೆಸರಿನಲ್ಲಿ ಕೂರುತ್ತದೆ. ಆಳದ ಕಡಲಿನಲ್ಲಿ ಸಾವಿರ ವರ್ಷಕ್ಕೆ ಸೇರುವ ಕೆಸರು ಕೆಲವೇ ಸೆಂಟಿಮೀಟರ್. ಹಡಗಿನಿಂದ ಕೊಳವೆ ಇಳಿಸಿ ಅದನ್ನು ಪದರ ಕಲಸದ ಹಾಗೆ ಮೇಲೆತ್ತಿದರೆ, ಕೆಳಗೆ ಹೋದಷ್ಟೂ ಹಳೆಯ ಕಾಲ. ಇದಕ್ಕೆ ಕೋರ್ ಎಂದು ಹೆಸರು.

ಆಮೇಲಿನದು ಹೆಚ್ಚುಕಡಿಮೆ ಅಡುಗೆಮನೆ ಕೆಲಸ. ಕೆಸರನ್ನು ಜರಡಿಯಲ್ಲಿ ತೊಳೆಯಬೇಕು, ಒಣಗಿಸಬೇಕು, ಮೈಕ್ರೋಸ್ಕೋಪಿನ ಕೆಳಗೆ ಒದ್ದೆ ಕುಂಚದ ತುದಿಯಿಂದ ಒಂದೇ ಜಾತಿಯ ಚಿಪ್ಪುಗಳನ್ನು ಹೆಕ್ಕಬೇಕು. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆಯೇ, ಆದರೆ ಇಲ್ಲಿ ಎಸೆಯುವುದು ಅಕ್ಕಿಯನ್ನು. ಒಮ್ಮೆ ಬೆಳಗ್ಗೆಯಿಂದ ಹೆಕ್ಕಿದ್ದೆಲ್ಲ ನನ್ನದೇ ಒಂದು ಸೀನಿಗೆ ಹಾರಿಹೋಯಿತು. ಮೇಜಿನ ಮೇಲಿದ್ದ ಹಿಮಯುಗ ನೆಲದ ಪಾಲಾಯಿತು.

ಉಳಿದ ಚಿಪ್ಪನ್ನು ಆಮ್ಲದಲ್ಲಿ ಕರಗಿಸಿ, ಹೊರಬಂದ ಅನಿಲದಲ್ಲಿರುವ ಆಮ್ಲಜನಕವನ್ನು ಯಂತ್ರದಲ್ಲಿ ಅಳೆಯುತ್ತೇವೆ. ಆಮ್ಲಜನಕದ ಪರಮಾಣುಗಳಲ್ಲಿ ಹಗುರದ್ದು ಒಂದು, ತೂಕ 16; ಭಾರದ್ದು ಇನ್ನೊಂದು, ತೂಕ 18. ನೀರು ತಣ್ಣಗಿದ್ದಷ್ಟೂ ಚಿಪ್ಪಿನಲ್ಲಿ ಭಾರದ್ದು ಚೂರು ಜಾಸ್ತಿ. ಒಂದು ಡಿಗ್ರಿಗೆ ಸಾವಿರದಲ್ಲಿ ಸುಮಾರು 0.2 ಪಾಲಿನ ವ್ಯತ್ಯಾಸ, ಅಷ್ಟೇ. ಇದರಿಂದ ಹಳೆಯ ಕಡಲಿನ ಬಿಸಿ ಅಳೆಯಬಹುದು ಎಂದು 1947ರಲ್ಲಿ ತೋರಿಸಿದವರು ಹೆರಾಲ್ಡ್ ಯೂರಿ. ಅವರ ಬಳಗದಲ್ಲೇ ಪಳಗಿದ ಚೆಸಾರೆ ಎಮಿಲಿಯಾನಿ 1955ರಲ್ಲಿ ಕೆರಿಬಿಯನ್ ಸಮುದ್ರದ ಚಿಪ್ಪುಗಳನ್ನು ನೋಡಿ, ಹಿಮಯುಗಗಳಲ್ಲಿ ಅಲ್ಲಿನ ಮೇಲ್ನೀರು ಸುಮಾರು 6 ಡಿಗ್ರಿ ತಣ್ಣಗಾಗಿತ್ತು ಎಂದರು.

ಕತೆ ಇಲ್ಲಿಗೇ ಮುಗಿದಿದ್ದರೆ ಮಾವನ ಅನುಮಾನವೇ ಸರಿ ಎನ್ನುತ್ತಿದ್ದೆ. ಯಾಕೆಂದರೆ ಚಿಪ್ಪು ಎರಡು ಮಾತನ್ನು ಒಟ್ಟಿಗೆ ಹೇಳುತ್ತದೆ.

ಸಾರಿನ ಪಾತ್ರೆಯನ್ನೇ ನೋಡಿ. ಮುಚ್ಚಳ ಇದ್ದರೆ ಆವಿ ಮತ್ತೆ ಹನಿಯಾಗಿ ಒಳಗೇ ಬೀಳುತ್ತದೆ. ಮುಚ್ಚಳ ತೆಗೆದರೆ ಆವಿ ಹೋಗೇ ಹೋಯಿತು, ಸಾರು ಉಪ್ಪಾಗುತ್ತದೆ. ಕಡಲಿನಿಂದ ಹಗುರ ಆಮ್ಲಜನಕದ ನೀರು ಬೇಗ ಆವಿಯಾಗುತ್ತದೆ. ಮಾಮೂಲಿ ಕಾಲದಲ್ಲಿ ಅದು ಮಳೆಯಾಗಿ, ಹೊಳೆಯಾಗಿ ವಾಪಸ್ ಬರುತ್ತದೆ. ಹಿಮಯುಗದಲ್ಲಿ ಅದು ಉತ್ತರದ ನೆಲದ ಮೇಲೆ ಮಂಜುಗಡ್ಡೆಯಾಗಿ ನಿಂತುಬಿಡುತ್ತದೆ. ಕಡಲಿನಲ್ಲಿ ಭಾರದ್ದರ ಪಾಲು ಏರುತ್ತದೆ. ಚಿಪ್ಪಿನಲ್ಲೂ ಏರುತ್ತದೆ, ನೀರು ಒಂದು ಡಿಗ್ರಿಯೂ ತಣ್ಣಗಾಗದಿದ್ದರೂ!

ಎಮಿಲಿಯಾನಿಗೆ ಇದು ಗೊತ್ತಿತ್ತು, ಆದರೆ ಅವರು ಮಂಜಿಗೆ ಕೊಟ್ಟ ಪಾಲು ಸಣ್ಣದು. 1967ರಲ್ಲಿ ನಿಕೋಲಸ್ ಶ್ಯಾಕಲ್ಟನ್ ಒಂದು ಸರಳ ದಾರಿ ಹಿಡಿದರು. ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದದ್ದು ಇದೇ. ಅವರು ಕಡಲ ತಳದಲ್ಲಿ ಬದುಕುವ ಫೊರಾಮ್‌ಗಳನ್ನು ನೋಡಿದರು. ಅಲ್ಲಿನ ನೀರು ಈಗಲೇ ಒಂದೆರಡು ಡಿಗ್ರಿ. ಅದಕ್ಕಿಂತ ಬಹಳ ತಣ್ಣಗಾಗಲು ಜಾಗವೇ ಇಲ್ಲ, ಹೆಪ್ಪುಗಟ್ಟಬೇಕಷ್ಟೆ. ಆದರೂ ತಳದ ಚಿಪ್ಪಿನಲ್ಲಿ ಏರಿಳಿತ ಮೇಲಿನದರಷ್ಟೇ ಇತ್ತು. ಅಂದರೆ ಅದರಲ್ಲಿ ದೊಡ್ಡ ಪಾಲು ಮಂಜಿನ ಲೆಕ್ಕ, ಬಿಸಿಯದಲ್ಲ.

ಹಾಗಾದರೆ ಬಿಸಿಗೆ ಬೇರೆ ಸಾಕ್ಷಿ ಬೇಕಲ್ವಾ? ಅದೂ ಅದೇ ಚಿಪ್ಪಿನಲ್ಲಿ ಸಿಕ್ಕಿತು. ನೀರು ಒಂದು ಡಿಗ್ರಿ ಬೆಚ್ಚಗಾದರೆ ಚಿಪ್ಪಿನ ಕ್ಯಾಲ್ಸಿಯಂಗೆ ಹೋಲಿಸಿದರೆ ಮೆಗ್ನೀಸಿಯಂ ಸುಮಾರು 9% ಏರುತ್ತದೆ. ಮಂಜುಗಡ್ಡೆ ಎಷ್ಟಿತ್ತು ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಮೆಗ್ನೀಸಿಯಂನಿಂದ ಬಿಸಿ ಎಷ್ಟೆಂದು ತಿಳಿದು, ಅದರ ಪಾಲನ್ನು ಆಮ್ಲಜನಕದ ಲೆಕ್ಕದಲ್ಲಿ ಕಳೆದರೆ ನೀರಿನಿಂದ ಬಂದ ಪಾಲು ಉಳಿಯುತ್ತದೆ. ಮೂರನೆಯ ಸಾಕ್ಷಿ ಕಡಲ ಪಾಚಿಯ ಕೊಬ್ಬಿನಂಥ ಅಣುಗಳು, ಅಲ್ಕೆನೋನ್‌ಗಳು. ಆ ಪಾಚಿ ನೀರಿನ ಬಿಸಿಗೆ ತಕ್ಕಂತೆ ಅವುಗಳ ರಚನೆ ಬದಲಿಸುತ್ತದೆ. ಇವನ್ನು ಮಾಡುವ ಮುಖ್ಯ ಪಾಚಿಯ ಹೆಸರು ಎಮಿಲಿಯಾನಿಯಾ ಹಕ್ಸ್‌ಲೆಯಿ. ಹೌದು, ಅದೇ ಎಮಿಲಿಯಾನಿ. ಅವರ ಲೆಕ್ಕ ತಿದ್ದಿದ 1967ರಲ್ಲೇ ಈ ಹೆಸರೂ ಇಟ್ಟದ್ದು.

ಇಷ್ಟೆಲ್ಲ ಮಾಡಿದರೂ ಒಂದು ಡಿಗ್ರಿ ಆಚೀಚೆ ಇದ್ದೇ ಇರುತ್ತದೆ. ಅಂಥ ಲೆಕ್ಕದಲ್ಲಿ 21,000 ವರ್ಷದ ಹಿಂದೆ ಅರಬ್ಬಿ ಸಮುದ್ರದ ಮೇಲ್ನೀರು ಈಗಿನದಕ್ಕಿಂತ ಸುಮಾರು 2ರಿಂದ 3 ಡಿಗ್ರಿ ತಣ್ಣಗಿತ್ತು. ಅಷ್ಟೊಂದು ನೀರು ನೆಲದ ಮೇಲೆ ಮಂಜುಗಡ್ಡೆಯಾಗಿ ನಿಂತಿದ್ದರಿಂದ ಕಡಲ ಮಟ್ಟ ಸುಮಾರು 120 ಮೀಟರ್ ಕೆಳಗಿತ್ತು. ಮಂಗಳೂರಿನ ತೀರ ಆಗ ಹತ್ತಾರು ಕಿಲೋಮೀಟರ್ ಪಡುವಣಕ್ಕಿತ್ತು. ಮುಂಗಾರೂ ಸೊರಗಿತ್ತು.

ಪಾಯಸ ಬರುವ ಹೊತ್ತಿಗೆ ಮಾವ ಎರಡನೆಯದು ಕೇಳುತ್ತಾರೆ. "ಮೊದಲೂ ಬಿಸಿಯಾಗಿತ್ತಲ್ಲ, ಈಗೇನು ಗಲಾಟೆ?" ಆಗಿತ್ತು ಮಾವ. 5.6 ಕೋಟಿ ವರ್ಷದ ಹಿಂದೆ ಭೂಮಿ 5–6 ಡಿಗ್ರಿ ಬಿಸಿಯಾಯಿತು, ಆದರೆ ಅದಕ್ಕೆ ಸಾವಿರಾರು ವರ್ಷ ಹಿಡಿಯಿತು. ನಾವು ಒಂದೂವರೆ ಶತಮಾನದಲ್ಲಿ ಒಂದು ಡಿಗ್ರಿ ದಾಟಿದ್ದೇವೆ. ದಕ್ಷಿಣ ಅಟ್ಲಾಂಟಿಕ್‌ನ ವಾಲ್ವಿಸ್ ದಿಬ್ಬದಲ್ಲಿ ತೆಗೆದ ಕೋರುಗಳಲ್ಲಿ ಆ ಘಟನೆ ಕಣ್ಣಿಗೇ ಕಾಣುತ್ತದೆ. ಚಿಪ್ಪು ತುಂಬಿದ ತಿಳಿ ಬಣ್ಣದ ಮಣ್ಣು ಇದ್ದಕ್ಕಿದ್ದಂತೆ ನಿಂತು, ಕೆಂಪು ಜೇಡಿ ಶುರುವಾಗುತ್ತದೆ. ಕಡಲು ಹುಳಿಯಾಗಿ ಚಿಪ್ಪೆಲ್ಲ ಕರಗಿಹೋದ ಗುರುತು ಅದು. ಮೇಲೆ ಬಂದಂತೆ ತಿಳಿ ಮಣ್ಣು ನಿಧಾನವಾಗಿ ಮರಳುತ್ತದೆ. ಕಡಲು ಮೊದಲಿನ ಸ್ಥಿತಿಗೆ ಬರಲು ಲಕ್ಷಕ್ಕೂ ಜಾಸ್ತಿ ವರ್ಷ ಬೇಕಾಯಿತು.